ಗಾಜಿನ ಬಿಲ್ಲೆಯಲ್ಲಿ ನಲವತ್ತು ಲಕ್ಷ ತೂತು

ನಿಮ್ಮ ಪೆನ್ಸಿಲ್ ಡಬ್ಬಿ ತೆಗೆಯಿರಿ. ಒಂದೇ ದಪ್ಪದ ಏಳು ಪೆನ್ಸಿಲ್ ಬೇಕು. ಅಷ್ಟಿಲ್ಲದಿದ್ದರೆ ಪಕ್ಕದಲ್ಲಿ ಕೂತವರನ್ನು ಕೇಳಿ. ಒಂದನ್ನು ನಡುವೆ ಹಿಡಿದು ಉಳಿದ ಆರನ್ನು ಅದರ ಸುತ್ತ ನಿಲ್ಲಿಸಿ, ರಬ್ಬರ್ ಬ್ಯಾಂಡ್ ಹಾಕಿ. ಆರೂ ಅಳತೆ ಮಾಡಿಟ್ಟ ಹಾಗೆ ಕೂರುತ್ತವೆ. ಸುತ್ತ ಇನ್ನೊಂದಕ್ಕೆ ಜಾಗವಿಲ್ಲ, ಇದ್ದವು ಅಲ್ಲಾಡುವುದೂ ಇಲ್ಲ. ಈಗ ಕಟ್ಟನ್ನು ತಿರುಗಿಸಿ, ಚೂಪು ಮಾಡದ ತುದಿಯ ಕಡೆಯಿಂದ ನೋಡಿ. ಮರದ ಏಳು ಬಿಲ್ಲೆಗಳು, ಒಂದೊಂದರ ನಡುವೆ ಒಂದು ಕಪ್ಪು ಚುಕ್ಕೆ.

ಇನ್ನು ಮನಸ್ಸಿನಲ್ಲಿ ಮಾಡುವ ಕೆಲಸ. ಆ ಕಪ್ಪು ಕಡ್ಡಿಗಳನ್ನಷ್ಟೇ ಕರಗಿಸಿಬಿಡುವ ದ್ರವವೊಂದು ಸಿಕ್ಕಿತು ಎಂದಿಟ್ಟುಕೊಳ್ಳಿ. ಮರಕ್ಕೆ ಏನೂ ಆಗುವುದಿಲ್ಲ. ಕಪ್ಪು ಇದ್ದ ಕಡೆ ಏಳು ಸುರಂಗಗಳು ಉಳಿಯುತ್ತವೆ. ಒಂದು ಇನ್ನೊಂದಕ್ಕೆ ತಾಗುವುದಿಲ್ಲ, ಎಲ್ಲವೂ ಒಂದೇ ದಿಕ್ಕಿಗೆ ಈ ತುದಿಯಿಂದ ಆ ತುದಿಗೆ ಹೋಗುತ್ತವೆ.

ಮರದ ಬದಲು ಗಾಜು. ಏಳರ ಬದಲು ನಲವತ್ತು ಲಕ್ಷ. ಇಷ್ಟು ಬದಲಾಯಿಸಿದರೆ ನಾನು ಇವತ್ತು ಹೇಳಹೊರಟ ವಸ್ತು ಸಿದ್ಧ. ವಿಜ್ಞಾನಿಗಳು ಅದಕ್ಕೆ ಮೈಕ್ರೋಚಾನೆಲ್ ಪ್ಲೇಟ್ ಎನ್ನುತ್ತಾರೆ. ನಾವು ತೂತಿನ ಬಿಲ್ಲೆ ಎಂದು ಕರೆಯೋಣ.

ಹತ್ತು ರೂಪಾಯಿ ನಾಣ್ಯವನ್ನು ಅಂಗೈ ಮೇಲೆ ಇಟ್ಟುಕೊಳ್ಳಿ. ಸಾಮಾನ್ಯ ತೂತಿನ ಬಿಲ್ಲೆಯೊಂದು ಹೆಚ್ಚುಕಡಿಮೆ ಅಷ್ಟೇ ಅಗಲ ಇರುತ್ತದೆ, ಆದರೆ ನಾಣ್ಯಕ್ಕಿಂತ ಬಹಳ ತೆಳು, ದಪ್ಪ ಸುಮಾರು ಅರ್ಧ ಮಿಲಿಮೀಟರ್. ಒಂದೊಂದು ತೂತಿನ ಅಗಲ ಸುಮಾರು 10 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಿಮ್ಮ ತಲೆಗೂದಲಿನ ಅಗಲಕ್ಕೆ ಇಂಥ ಐದರಿಂದ ಹತ್ತು ತೂತುಗಳನ್ನು ಸಾಲಾಗಿ ಜೋಡಿಸಬಹುದು. ಬಿಲ್ಲೆಯ ಮೇಲೆ ಒಂದು ರಾಗಿ ಕಾಳು ಇಟ್ಟರೆ ಅದರ ಅಡಿಗೆ ಹತ್ತು ಸಾವಿರಕ್ಕೂ ಹೆಚ್ಚು ತೂತುಗಳು ಸೇರುತ್ತವೆ. ಬರಿಗಣ್ಣಿಗೆ ಒಂದೂ ಕಾಣುವುದಿಲ್ಲ, ನಯವಾಗಿ ಹೊಳೆಯುವ ಗಾಜು ಎಂದೇ ಅನ್ನಿಸುತ್ತದೆ. ಆದರೆ ಆ ಮೈಯಲ್ಲಿ ನೂರಕ್ಕೆ ಅರವತ್ತು ಪಾಲು ಬರೀ ತೂತು!

ಇಷ್ಟು ಚಿಕ್ಕ ತೂತನ್ನು ಕೊರೆಯುವುದು ಹೇಗೆ? ಕೊರೆಯುವುದೇ ಇಲ್ಲ. ನನಗೆ ಈ ಕಥೆಯಲ್ಲಿ ತುಂಬ ಇಷ್ಟವಾದ ಭಾಗ ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮನೆಯಲ್ಲಿ ಉಂಡೆಗೆ ಬೆಲ್ಲದ ಪಾಕ ಹಿಡಿಯುವುದನ್ನು ನೋಡಿದ್ದೀರಾ? ಅಜ್ಜಿ ಒಂದು ಹನಿ ಪಾಕವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಬಿಡಿಸುತ್ತಾರೆ. ನಡುವೆ ಸಣ್ಣ ಎಳೆ ನಿಂತರೆ ‘ಒಂದೆಳೆ ಪಾಕ ಬಂತು’ ಎನ್ನುತ್ತಾರೆ. ಕಾಯಿಸಿದ ಗಾಜೂ ಹೀಗೆಯೇ. ಅದು ಮಂಜುಗಡ್ಡೆಯ ಹಾಗೆ ಒಮ್ಮೆಲೇ ನೀರಾಗುವುದಿಲ್ಲ. ಮೊದಲು ಮೆತ್ತಗಾಗುತ್ತದೆ, ಆಮೇಲೆ ಅಂಟಂಟಾಗುತ್ತದೆ, ಹಿಡಿದು ಎಳೆದರೆ ಎಳೆಯಾಗುತ್ತದೆ.

ಜಾತ್ರೆಯಲ್ಲಿ ಕೋಲಿಗೆ ಬಣ್ಣದ ಮಿಠಾಯಿ ಸುತ್ತಿಕೊಂಡು ಬರುವವರು ಅದನ್ನು ಎಳೆದು ನಿಮ್ಮ ಕೈಗೆ ವಾಚು ಕಟ್ಟುತ್ತಾರಲ್ಲ, ಆಗ ಒಂದು ಗಮನಿಸಿ. ಮಿಠಾಯಿಯಲ್ಲಿ ಬಿಳಿ ಪಟ್ಟೆಯ ಪಕ್ಕ ಗುಲಾಬಿ ಪಟ್ಟೆ ಇದ್ದರೆ, ಎಳೆದ ಮೇಲೂ ಬಿಳಿಯ ಪಕ್ಕ ಗುಲಾಬಿಯೇ ಇರುತ್ತದೆ. ಪಟ್ಟೆಗಳು ಸಣ್ಣಗಾಗುತ್ತವೆ, ಜಾಗ ಬದಲಿಸುವುದಿಲ್ಲ. ತೂತಿನ ಬಿಲ್ಲೆ ಮಾಡುವವರು ನೆಚ್ಚಿಕೊಂಡಿರುವುದು ಈ ಗುಣವನ್ನು.

ಅವರು ಮೊದಲು ಪೆನ್ಸಿಲಿನಂಥದೇ ಒಂದು ದಪ್ಪ ಗಾಜಿನ ಕಡ್ಡಿ ಮಾಡಿಕೊಳ್ಳುತ್ತಾರೆ. ಹೊರಗೆ ಒಂದು ಬಗೆಯ ಗಾಜಿನ ಕೊಳವೆ, ಒಳಗೆ ಇನ್ನೊಂದು ಬಗೆಯ ಗಾಜಿನ ತಿರುಳು. ಹಿಂದಿನವರು ಪೆನ್ಸಿಲಿಗೆ ಸೀಸದ ಕಡ್ಡಿ ಎನ್ನುತ್ತಿದ್ದರು, ಆದರೆ ಪೆನ್ಸಿಲಿನಲ್ಲಿ ಸೀಸ ಇಲ್ಲವೇ ಇಲ್ಲ. ಅಲ್ಲಿರುವುದು ಗ್ರಾಫೈಟ್. ಈ ಗಾಜಿನ ಕಡ್ಡಿಯಲ್ಲಿ ನಿಜವಾದ ಸೀಸ ಇದೆ, ಒಳಗಲ್ಲ, ಹೊರಗೆ. ಕೊಳವೆಯನ್ನು ಸೀಸ ಬೆರೆತ ಗಾಜಿನಿಂದಲೇ ಮಾಡುತ್ತಾರೆ. ಅದು ಏಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಈ ಕಡ್ಡಿಯನ್ನು ಕುಲುಮೆಯಲ್ಲಿ ಮೆತ್ತಗೆ ಮಾಡಿ ಕೆಳಗೆ ಎಳೆಯುತ್ತಾರೆ. ಉದ್ದನೆಯ ಸಣ್ಣ ಎಳೆ ಸಿಗುತ್ತದೆ. ಎಳೆ ಎಷ್ಟು ಸಣ್ಣಗಾದರೂ ಹೊರಗಿನ ಗಾಜು ಹೊರಗೇ, ತಿರುಳು ನಡುವೆಯೇ. ಎಳೆಯನ್ನು ಸಮನಾಗಿ ತುಂಡರಿಸಿ ನೀವು ಪೆನ್ಸಿಲ್ ಕಟ್ಟಿದ ಹಾಗೆ ಕಟ್ಟುತ್ತಾರೆ. ಒಂದರ ಸುತ್ತ ಆರು ಇಟ್ಟರೆ 7. ಅದರ ಸುತ್ತ ಇನ್ನೊಂದು ಸುತ್ತು ಇಟ್ಟರೆ 19. ಮತ್ತೊಂದು ಸುತ್ತಿಗೆ 37. ಪ್ರತಿ ಸುತ್ತಿಗೆ ಹಿಂದಿನದಕ್ಕಿಂತ ಆರು ಹೆಚ್ಚು ಹಿಡಿಯುತ್ತವೆ, ಊದುಬತ್ತಿ ಇಟ್ಟು ಎಣಿಸಿ ನೋಡಿ. ಹೀಗೆ ಸುತ್ತು ಬೆಳೆಸಿ ಎರಡು ಸಾವಿರ ಎಳೆಗಳ ಒಂದು ಕಟ್ಟು ಮಾಡಿದರು ಎನ್ನೋಣ. ಆ ಇಡೀ ಕಟ್ಟನ್ನು ಮತ್ತೆ ಕುಲುಮೆಗೆ ಇಳಿಸಿ ಎಳೆಯುತ್ತಾರೆ! ಈಗ ಅರ್ಧ ಮಿಲಿಮೀಟರ್ ದಪ್ಪದ ಒಂದೇ ಎಳೆಯೊಳಗೆ ಎರಡು ಸಾವಿರ ತಿರುಳುಗಳು. ಇಂಥ ಎರಡು ಸಾವಿರ ಎಳೆಗಳನ್ನು ಮತ್ತೆ ಒಟ್ಟುಗೂಡಿಸಿ, ಬಿಸಿಯಲ್ಲಿ ಒತ್ತಿ ಒಂದೇ ದಿಂಡಾಗಿ ಬೆಸೆಯುತ್ತಾರೆ. ಎರಡು ಸಾವಿರ ಸಲ ಎರಡು ಸಾವಿರ ಎಷ್ಟು? ನಲವತ್ತು ಲಕ್ಷ. ಎರಡೇ ಎಳೆತಕ್ಕೆ ಅಲ್ಲಿಗೆ ಬಂದೆವು.

ಆಮೇಲೆ ದಿಂಡನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚುತ್ತಾರೆ, ಬೆಂಡೆಕಾಯಿ ಹೆಚ್ಚಿದ ಹಾಗೆ. ಬೆಂಡೆಕಾಯಿಯ ಉದ್ದಕ್ಕೂ ಕೋಣೆಗಳಿರುತ್ತವೆ. ನೇರ ಹೆಚ್ಚಿದರೆ ಬಿಲ್ಲೆಯಲ್ಲಿ ತೂತು ನೇರವಾಗಿರುತ್ತದೆ, ಓರೆಯಾಗಿ ಹೆಚ್ಚಿದರೆ ತೂತೂ ಓರೆ. ನಮ್ಮ ದಿಂಡನ್ನು ತುಸು ಓರೆಯಾಗಿಯೇ ಹೆಚ್ಚುತ್ತಾರೆ, ಎಂಟು ಡಿಗ್ರಿಯಷ್ಟು. ಬಿಲ್ಲೆಯನ್ನು ಉಜ್ಜಿ ಕನ್ನಡಿಯಂತೆ ನಯ ಮಾಡಿ ಆಮ್ಲದಲ್ಲಿ ಮುಳುಗಿಸುತ್ತಾರೆ. ಆಮ್ಲ ತಿರುಳಿನ ಗಾಜನ್ನು ತಿಂದುಹಾಕುತ್ತದೆ, ಸೀಸದ ಗಾಜನ್ನು ಬಿಡುತ್ತದೆ. ನಲವತ್ತು ಲಕ್ಷ ತೂತುಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ.

ನೀವು ಕೇಳಬಹುದು: ಕೊನೆಗೆ ಕರಗಿಸುವ ತಿರುಳನ್ನು ಮೊದಲು ತುಂಬುವುದು ಯಾತಕ್ಕೆ, ಟೊಳ್ಳು ಕೊಳವೆಯನ್ನೇ ಎಳೆಯಬಹುದಲ್ಲ? ಮೊದಮೊದಲು ಹಾಗೂ ಮಾಡಿದ್ದುಂಟು. ಆದರೆ ಮೆತ್ತಗಾದ ಟೊಳ್ಳು ಕೊಳವೆ ನಜ್ಜಾಗುತ್ತದೆ, ಸೊಟ್ಟಗಾಗುತ್ತದೆ. ಕಬ್ಬಿಣದ ಪೈಪು ಬಗ್ಗಿಸುವವರು ಅದರೊಳಗೆ ಮರಳು ತುಂಬಿಕೊಳ್ಳುತ್ತಾರೆ, ಬಗ್ಗಿಸಿದ ಮೇಲೆ ಮರಳು ಸುರಿದುಬಿಡುತ್ತಾರೆ. ಇಲ್ಲಿ ತಿರುಳಿನ ಗಾಜು ಆ ಮರಳಿನ ಕೆಲಸ ಮಾಡುತ್ತದೆ. ಈ ಎರಡು ಗಾಜುಗಳ ಜೋಡಿ ಹುಡುಕುವುದು ಸುಲಭವಲ್ಲ. ಎರಡೂ ಒಂದೇ ಶಾಖಕ್ಕೆ ಮೆತ್ತಗಾಗಬೇಕು, ಆರುವಾಗ ಎರಡೂ ಒಂದೇ ಸಮ ಕುಗ್ಗಬೇಕು, ಇಲ್ಲದಿದ್ದರೆ ಬಿರುಕು. ಆದರೆ ಆಮ್ಲದ ಮುಂದೆ ಮಾತ್ರ ಒಂದು ಸೋಲಬೇಕು, ಇನ್ನೊಂದು ಗೆಲ್ಲಬೇಕು. ಇಂಥ ಜೋಡಿಯನ್ನು ಕಂಡುಕೊಂಡವರ ತಾಳ್ಮೆಯನ್ನು ನೆನೆದರೆ ನನಗೆ ಗೌರವ ಉಕ್ಕುತ್ತದೆ.

ಕೊನೆಗೆ ಬಿಲ್ಲೆಯನ್ನು ಹೈಡ್ರೋಜನ್ ಅನಿಲದಲ್ಲಿ ಕಾಯಿಸುತ್ತಾರೆ. ಸೀಸ ಏಕೆ ಬೇಕಿತ್ತು ಎಂದು ಈಗ ತಿಳಿಯುತ್ತದೆ. ಗಾಜಿನಲ್ಲಿ ಸೀಸ ಆಕ್ಸಿಜನ್ನಿನ ಜೊತೆ ಸೇರಿಕೊಂಡಿರುತ್ತದೆ. ಬಿಸಿ ಹೈಡ್ರೋಜನ್ ಆ ಆಕ್ಸಿಜನ್ನನ್ನು ಎಳೆದುಕೊಂಡು ನೀರಾವಿಯಾಗಿ ಹೋಗುತ್ತದೆ. ತೂತಿನ ಗೋಡೆಗಳ ಮೇಲ್ಪದರ ಬದಲಾಗಿ ಬಿಲ್ಲೆ ಕಪ್ಪಗಾಗುತ್ತದೆ, ಗೋಡೆಗಳಲ್ಲಿ ವಿದ್ಯುತ್ತು ತೀರಾ ನಿಧಾನವಾಗಿ ಜಿನುಗುವಂತಾಗುತ್ತದೆ. ಮಾಮೂಲಿ ಗಾಜು ವಿದ್ಯುತ್ತನ್ನು ಬಿಡುವುದಿಲ್ಲ, ತಾಮ್ರದ ತಂತಿ ಸರಾಗ ಬಿಡುತ್ತದೆ, ಈ ಗೋಡೆ ಎರಡರ ನಡುವೆ. ಬಿಲ್ಲೆಯ ಎರಡೂ ಮೈಗೆ ತೆಳ್ಳಗೆ ಲೋಹ ಲೇಪಿಸಿದರೆ ಕೆಲಸ ಮುಗಿಯಿತು.

ಇಷ್ಟೆಲ್ಲ ಕಷ್ಟಪಟ್ಟು ಮಾಡಿದ ಬಿಲ್ಲೆಯ ಕೆಲಸ ಏನು? ಬೆಳಕನ್ನು ಎಣಿಸುವುದು.

ಬೆಳಕು ನಮಗೆ ಹೊಳೆಯ ನೀರಿನಂತೆ ಹರಿದು ಬರುವುದು ಅನ್ನಿಸುತ್ತದೆ. ಹತ್ತಿರದಿಂದ ನೋಡಿದರೆ ಅದು ಮಳೆ ಹನಿಯಂತೆ, ಒಂದೊಂದೇ ಕಣವಾಗಿ ಬರುತ್ತದೆ. ಆ ಕಣದ ಹೆಸರು ಫೋಟಾನ್. ಟ್ಯೂಬ್‌ಲೈಟಿನದು ಜಡಿಮಳೆ, ಎಣಿಸಲಾಗದು. ಬಹು ದೂರದ ನಕ್ಷತ್ರದ್ದು ಹಾಗಲ್ಲ. ಒಂದು ಹನಿ ಬಿದ್ದು ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು. ಒಂದೇ ಒಂದು ಹನಿ ಎಷ್ಟು ದುರ್ಬಲ ಎಂದರೆ ಅದರ ಸದ್ದು ಯಂತ್ರಗಳಿಗೂ ಸುಲಭವಾಗಿ ಕೇಳಿಸದು. ಹಾಗಾಗಿ ಒಂದನ್ನು ಸಾವಿರ ಮಾಡಬೇಕು, ಲಕ್ಷ ಮಾಡಬೇಕು.

ಮೊದಲು ಫೋಟಾನ್ ಒಂದು ವಿಶೇಷ ಲೇಪದ ಮೇಲೆ ಬಿದ್ದು ಅಲ್ಲಿಂದ ಒಂದು ಎಲೆಕ್ಟ್ರಾನನ್ನು ಎಬ್ಬಿಸುತ್ತದೆ. ಎಲೆಕ್ಟ್ರಾನ್ ಬಿಲ್ಲೆಯ ಒಂದು ತೂತಿನೊಳಗೆ ನುಗ್ಗುತ್ತದೆ. ಬಿಲ್ಲೆಯ ಎರಡು ಮೈಗಳ ನಡುವೆ ಸುಮಾರು ಸಾವಿರ ವೋಲ್ಟ್ ಕೊಟ್ಟಿರುತ್ತಾರೆ. ನಮ್ಮ ಮನೆಯ ಪ್ಲಗ್ಗಿನಲ್ಲಿರುವುದು 230. ಆ ಸೆಳೆತಕ್ಕೆ ಎಲೆಕ್ಟ್ರಾನ್ ಮುಂದೆ ಮುಂದೆ ಓಡುತ್ತದೆ. ಆದರೆ ಸುರಂಗ ಓರೆಯಾಗಿದೆಯಲ್ಲ, ಹೋಗಿ ಗೋಡೆಗೆ ಬಡಿಯುತ್ತದೆ. ನೇರ ತೂತಾಗಿದ್ದರೆ ಯಾರಿಗೂ ತಾಗದೆ ಆಚೆ ಹೋಗಿಬಿಡುತ್ತಿತ್ತು!

ಎತ್ತರದ ನೆಲ್ಲಿ ಮರ ನೆನಪಿಸಿಕೊಳ್ಳಿ. ತುದಿಯ ಟೊಂಗೆಗೆ ಒಂದು ಕಲ್ಲು ತಗುಲಿ ಎರಡು ಕಾಯಿ ಉದುರುತ್ತವೆ. ಬೀಳುತ್ತ ಬೀಳುತ್ತ ಒಂದೊಂದೂ ಕೆಳಗಿನ ಟೊಂಗೆಗೆ ಬಡಿದು ತಲಾ ಎರಡನ್ನು ಉದುರಿಸಿದರೆ ನಾಲ್ಕು, ಆ ನಾಲ್ಕರಿಂದ ಎಂಟು. ನೆಲ ಮುಟ್ಟುವಾಗ ನೆಲ್ಲಿಯ ಮಳೆ. ತೂತಿನ ಗೋಡೆಗೆ ಬಡಿದ ಎಲೆಕ್ಟ್ರಾನೂ ಅಲ್ಲಿಂದ ಹೀಗೆಯೇ ಬೇರೆ ಎಲೆಕ್ಟ್ರಾನುಗಳನ್ನು ಉದುರಿಸುತ್ತದೆ. ಅವೂ ಓಡಿ ಎದುರಿನ ಗೋಡೆಗೆ ಬಡಿಯುತ್ತವೆ. ಪ್ರತಿ ಪೆಟ್ಟಿಗೆ ಎರಡು ಪಟ್ಟಾದರೆ ಹನ್ನೆರಡನೆಯ ಪೆಟ್ಟಿನ ಹೊತ್ತಿಗೆ 4096. ಕಾಗದ ತೆಗೆದುಕೊಂಡು ನೀವೇ ದುಪ್ಪಟ್ಟು ಮಾಡುತ್ತ ಹೋಗಿ, ಸರಿ ಬರುತ್ತದೆ. ಇಷ್ಟೂ ನಡೆಯುವುದಕ್ಕೆ ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲೂ ಬೇಕಾಗುವುದಿಲ್ಲ. ಗೋಡೆ ಕಳೆದುಕೊಂಡ ಎಲೆಕ್ಟ್ರಾನುಗಳ ಜಾಗಕ್ಕೆ ಹೊಸವು ಬರಬೇಕಲ್ಲ, ಅದಕ್ಕೇ ಆ ಜಿನುಗು ವಿದ್ಯುತ್ತು.

ಒಂದು ಬಿಲ್ಲೆ ಸಾಲದಿದ್ದರೆ ಅದರ ಕೆಳಗೆ ಇನ್ನೊಂದು ಇಡುತ್ತಾರೆ, ಓರೆ ಆ ಕಡೆಗಲ್ಲ ಈ ಕಡೆಗೆ. ಮೇಲಿನ ತೂತೂ ಕೆಳಗಿನ ತೂತೂ ಸೇರಿ ಮಡಿಸಿದ ಮೊಣಕೈಯಂತೆ ಕಾಣುತ್ತವೆ. ಇದಕ್ಕೊಂದು ಕಾರಣವಿದೆ. ಒಳಗಿನ ಗಾಳಿಯನ್ನೆಲ್ಲ ಹೊರಗೆ ಎಳೆದಿದ್ದರೂ ಅಲ್ಲೊಂದು ಇಲ್ಲೊಂದು ಅನಿಲದ ಕಣ ಉಳಿದಿರುತ್ತದೆ. ಎಲೆಕ್ಟ್ರಾನುಗಳ ಪೆಟ್ಟು ತಿಂದ ಆ ಕಣ ಉಲ್ಟಾ ದಿಕ್ಕಿಗೆ, ಮೇಲಕ್ಕೆ ಓಡಿಬಂದು, ಇಲ್ಲದ ಬೆಳಕನ್ನು ಬಂತು ಎಂದು ಸುಳ್ಳು ಸುದ್ದಿ ಹಬ್ಬಿಸಬಹುದು. ತಿರುವು ಇದ್ದರೆ ಅದು ಅಲ್ಲೇ ಗೋಡೆಗೆ ಬಡಿದು ನಿಲ್ಲುತ್ತದೆ. ಎರಡು ಬಿಲ್ಲೆ ಸೇರಿದರೆ ಒಂದು ಎಲೆಕ್ಟ್ರಾನ್ ಹತ್ತು ಲಕ್ಷ, ಕೋಟಿ ಆಗುತ್ತದೆ.

ಲಕ್ಷಗಟ್ಟಲೆ ತೂತು ಏಕೆ ಬೇಕು, ಒಂದು ದೊಡ್ಡ ಕೊಳವೆ ಸಾಲದೇ? ಎಣಿಸುವುದಷ್ಟೇ ಆದರೆ ಸಾಕು. 1962ರಲ್ಲಿ ಅಮೆರಿಕದ ಬೆಂಡಿಕ್ಸ್ ಕಂಪನಿಯ ಗುಡ್ರಿಚ್ ಮತ್ತು ವೈಲಿ ಎಂಬವರು ಇಂಥ ಒಂಟಿ ಕೊಳವೆಯ ವಿವರ ಪ್ರಕಟಿಸಿದರು. ಕೊಳವೆಯಲ್ಲಿ ಎಲೆಕ್ಟ್ರಾನ್ ಎಷ್ಟು ಪಟ್ಟು ಹೆಚ್ಚುತ್ತದೆ ಎನ್ನುವುದು ಕೊಳವೆಯ ಗಾತ್ರದ ಮೇಲೆ ನಿಂತಿಲ್ಲ, ಉದ್ದ ಅಗಲದ ಎಷ್ಟು ಪಟ್ಟು ಎಂಬುದರ ಮೇಲೆ ನಿಂತಿದೆ. ನಮ್ಮ ಬಿಲ್ಲೆಯಲ್ಲಿ ತೂತಿನ ಉದ್ದ ಅಗಲದ ಸುಮಾರು 50 ಪಟ್ಟು. ಆ ಲೆಕ್ಕ ತಪ್ಪದಿದ್ದರೆ ಕೊಳವೆಯನ್ನು ಎಷ್ಟು ಚಿಕ್ಕದು ಮಾಡಿದರೂ ಕೆಲಸ ಕೆಡುವುದಿಲ್ಲ. ಹಾಗಾದರೆ ಲಕ್ಷ ಲಕ್ಷ ಕೊಳವೆಗಳನ್ನು ಒತ್ತಾಗಿ ನಿಲ್ಲಿಸಬಹುದು. ಆಗ ಬೆಳಕಿನ ಹನಿ ಬಿತ್ತು ಎನ್ನುವುದರ ಜೊತೆಗೆ, ಎಲ್ಲಿ ಬಿತ್ತು ಎಂದೂ ಗೊತ್ತಾಗುತ್ತದೆ. ಒಂದು ತೂತಿನ ಎಲೆಕ್ಟ್ರಾನುಗಳು ಪಕ್ಕದ ತೂತಿಗೆ ಹೋಗಲಾರವು, ನಡುವೆ ಗೋಡೆ ಇದೆ. ಎಲ್ಲಿ, ಎಷ್ಟು ಎಂದು ಗೊತ್ತಾದರೆ ಚಿತ್ರ ಮೂಡುತ್ತದೆ. ರಾತ್ರಿ ಕಾವಲಿನ ಸೈನಿಕರು ಕಣ್ಣಿಗೆ ಹಾಕಿಕೊಳ್ಳುವ ಹಸಿರು ದೃಶ್ಯದ ದುರ್ಬೀನಿನಲ್ಲೂ ಇಂಥದೇ ಬಿಲ್ಲೆ ಇರುತ್ತದೆ. ನಮ್ಮ ಖಗೋಳ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು ಹೊತ್ತು 1999ರಲ್ಲಿ ಹಾರಿದ ಚಂದ್ರಾ ಎಕ್ಸ್-ರೇ ದೂರದರ್ಶಕದ ಒಂದು ಕ್ಯಾಮೆರಾದಲ್ಲಿ ಹತ್ತು ಸೆಂಟಿಮೀಟರ್ ಅಗಲದ ಎರಡು ಚೌಕ ಬಿಲ್ಲೆಗಳಿವೆ, ಒಂದೊಂದರಲ್ಲಿ 6.9 ಕೋಟಿ ತೂತು.

ನನಗೆ ಹತ್ತಿರದ ಕಥೆ ಬೆಂಗಳೂರಿನ ಪಕ್ಕದ ಹೊಸಕೋಟೆಯದು. ಅಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಸಂಸ್ಥೆಯ ಆವರಣದಲ್ಲಿ ಎಂ.ಜಿ.ಕೆ. ಮೆನನ್ ಹೆಸರಿನ ಪ್ರಯೋಗಾಲಯವಿದೆ. ಧೂಳಿಗೆ ಪ್ರವೇಶವಿಲ್ಲದ ಅಲ್ಲಿನ ಕೋಣೆಗಳಲ್ಲಿ ಅತಿನೇರಳೆ ಬೆಳಕನ್ನು ನೋಡುವ ಜೋಡಿ ದೂರದರ್ಶಕವನ್ನು ಜೋಡಿಸಿದರು. ಹೆಸರು ಯುವಿಐಟಿ. ಅತಿನೇರಳೆ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಬಹುಪಾಲು ನೆಲಕ್ಕೂ ಬರುವುದಿಲ್ಲ, ಗಾಳಿಯೇ ಅದನ್ನು ಹೀರಿಕೊಳ್ಳುತ್ತದೆ. ಹಾಗಾಗಿ ನೋಡುವವರು ಗಾಳಿಯ ಆಚೆಗೇ ಹೋಗಬೇಕು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ ಏರಿ, ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಕುಳಿತು ಯುವಿಐಟಿ 650 ಕಿಲೋಮೀಟರ್ ಎತ್ತರಕ್ಕೆ ಹೋಯಿತು. ಅದರ ಬೆಳಕು ಹಿಡಿಯುವ ಉಪಕರಣಗಳು ಕೆನಡಾದ ಬಾಹ್ಯಾಕಾಶ ಸಂಸ್ಥೆಯ ಜೊತೆ ಸೇರಿ ಮಾಡಿದವು, ಅವುಗಳ ಹೊಟ್ಟೆಯಲ್ಲಿ ತೂತಿನ ಬಿಲ್ಲೆಗಳು.

ಅಲ್ಲಿ ಒಂದು ಹನಿ ಬೆಳಕಿನ ದಾರಿ ಹೀಗೆ. 38 ಸೆಂಟಿಮೀಟರ್ ಅಗಲದ ಕನ್ನಡಿ ಅದನ್ನು ಒಳಗೆ ಕಳಿಸುತ್ತದೆ. ಲೇಪದ ಮೇಲೆ ಬಿದ್ದು ಎಲೆಕ್ಟ್ರಾನ್ ಎದ್ದೇಳುತ್ತದೆ. ಬಿಲ್ಲೆಗಳ ತೂತಿನಲ್ಲಿ ನೆಲ್ಲಿ ಮಳೆ. ಕೆಳಗೆ ಸುರಿದ ಎಲೆಕ್ಟ್ರಾನುಗಳು ಹೊಳೆಯುವ ಪರದೆಗೆ ಬಡಿದು ಮಿಣುಕು ಹುಳದಷ್ಟು ಬೆಳಕು ಮಾಡುತ್ತವೆ. ಆ ಮಿಣುಕನ್ನು ಕ್ಯಾಮೆರಾ ಸೆಕೆಂಡಿಗೆ ಸುಮಾರು 29 ಬಾರಿ ನೋಡುತ್ತ ಒಂದೊಂದರ ನಟ್ಟನಡು ಎಲ್ಲಿ ಎಂದು ಬರೆದಿಡುತ್ತದೆ. ಫೋಟೋ ತೆಗೆಯುವುದು ಅನ್ನುವುದಕ್ಕಿಂತ ಅಕ್ಕಿಕಾಳು ಒಂದೊಂದೇ ಇಟ್ಟು ರಂಗೋಲಿ ತುಂಬುವುದು ಅಂದರೆ ಸರಿ. ಉಪಗ್ರಹ ಮೇಲೇರಿ ಎರಡು ತಿಂಗಳಾದ ಮೇಲೆ, ನವೆಂಬರ್ 30ರಂದು ದೂರದರ್ಶಕದ ಬಾಗಿಲು ತೆರೆದರು. ಎನ್‌ಜಿಸಿ 188 ಎಂಬ ನಕ್ಷತ್ರಗಳ ಗುಂಪನ್ನು ಅದು ಮೊದಲು ನೋಡಿತು.

2016ರ ಅಕ್ಟೋಬರ್‌ನಲ್ಲಿ ಅದು ಆಕಾಶದ ಒಂದೇ ತುಣುಕನ್ನು ಒಟ್ಟು 28 ಗಂಟೆಗೂ ಹೆಚ್ಚು ಹೊತ್ತು ದಿಟ್ಟಿಸಿತು. ಸಿಕ್ಕ ಚುಕ್ಕೆಗಳನ್ನು ಪುಣೆಯ ಐಯುಕಾ ಸಂಸ್ಥೆಯ ಕನಕ್ ಸಾಹಾ ಮತ್ತು ಜೊತೆಯವರು ವರ್ಷಗಟ್ಟಲೆ ಪರೀಕ್ಷಿಸಿ, 2020ರಲ್ಲಿ ಒಂದು ಗೆಲಾಕ್ಸಿಯ ಸುದ್ದಿ ಕೊಟ್ಟರು. ಅದರ ಹೆಸರು ಎಯುಡಿಎಫ್‌ಎಸ್01. ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು 930 ಕೋಟಿ ವರ್ಷ ಹಿಡಿದಿದೆ. ಭೂಮಿಗೆ ಈಗ ಸುಮಾರು 450 ಕೋಟಿ ವರ್ಷ. ಆ ಬೆಳಕು ಅರ್ಧ ದಾರಿ ಸವೆಸುವಾಗ ಸೂರ್ಯನೂ ಇರಲಿಲ್ಲ, ಭೂಮಿಯೂ ಇರಲಿಲ್ಲ.

ಇಲ್ಲೊಂದು ಸೊಗಸಿದೆ. ಹನಿಯಾಗಿ ಬೀಳುವ ಬೆಳಕಿಗೆ ಅಲೆಯ ಗುಣವೂ ಉಂಟು. ಹೊರಟಾಗ ಆ ಬೆಳಕಿನ ಅಲೆ ಸುಮಾರು 60 ನ್ಯಾನೋಮೀಟರ್ ಉದ್ದವಿತ್ತು. ಒಂದು ಮೈಕ್ರಾನನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಬ್ರಹ್ಮಾಂಡ ಹಿಗ್ಗುತ್ತಿರುವುದರಿಂದ ದಾರಿಯುದ್ದಕ್ಕೂ ಅಲೆ ಎಳೆದುಕೊಂಡು ಎಳೆದುಕೊಂಡು, ಇಲ್ಲಿಗೆ ಬರುವಾಗ ಸುಮಾರು 145 ಆಯಿತು. ಯುವಿಐಟಿ ನೋಡಬಲ್ಲ ಉದ್ದಕ್ಕೆ ಅದು ಸರಿಯಾಗಿ ಬಂದು ಕೂತಿತು. ಎಳೆದು ಉದ್ದವಾದ ಬೆಳಕು, ಎಳೆದು ಸಣ್ಣಗಾದ ಗಾಜಿನ ತೂತಿನ ಬಾಗಿಲಿಗೆ ಬಂದು ಎಲೆಕ್ಟ್ರಾನುಗಳ ಮಳೆ ಸುರಿಸಿತು.

ಇನ್ನೊಂದು ಬಗೆಯ ತೂತಿನ ಬಿಲ್ಲೆ ಇದೆ, ಅದನ್ನು ಹೇಳದೆ ಬಿಡಲಾರೆ. ಅದರ ತೂತು ದುಂಡಗಿಲ್ಲ, ಚೌಕ. ಕರಾವಳಿಯ ಮಕ್ಕಳೇ, ಸಿಗಡಿಯ ಕಣ್ಣು ಗೊತ್ತಲ್ಲ? ನೊಣದ ಕಣ್ಣಿನಲ್ಲಿ ಆರು ಮೂಲೆಯ ಚಿಕ್ಕ ಚಿಕ್ಕ ಮನೆಗಳಿರುತ್ತವೆ, ಜೇನುಹಲ್ಲೆಯಂತೆ. ಸಿಗಡಿ, ಲಾಬ್‌ಸ್ಟರ್‌ಗಳ ಕಣ್ಣಿನ ಮನೆಗಳು ಚೌಕ, ಗ್ರಾಫ್ ಹಾಳೆಯಂತೆ. ಒಂದೊಂದು ಮನೆಯ ಒಳಗೋಡೆ ಕನ್ನಡಿ. ಎಲ್ಲಿಂದ ಬೆಳಕು ಬಂದರೂ ಅನೇಕ ಮನೆಗಳ ಕನ್ನಡಿಗಳು ಅದನ್ನು ಒಂದೇ ಕಡೆಗೆ ತಿರುಗಿಸುತ್ತವೆ. ಮಬ್ಬು ನೀರಿನಲ್ಲಿ ಬದುಕುವ ಪ್ರಾಣಿಗೆ ಇದು ಒಳ್ಳೆಯ ಅನುಕೂಲ.

ಎಕ್ಸ್-ರೇ ಬೆಳಕನ್ನು ಮಸೂರದಿಂದ ಬಗ್ಗಿಸುವುದು ಬಹಳ ಕಷ್ಟ, ಆದರೆ ನುಣುಪಾದ ಗೋಡೆಗೆ ಸವರಿದಂತೆ ಬಿದ್ದರೆ ಅದು ಪುಟಿಯುತ್ತದೆ. 1979ರಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ರೋಜರ್ ಏಂಜೆಲ್, ಲಾಬ್‌ಸ್ಟರ್ ಕಣ್ಣಿನ ಹಾಗೆ ಎಕ್ಸ್-ರೇ ದೂರದರ್ಶಕ ಮಾಡಬಹುದು ಎಂದು ಬರೆದರು. ಚೌಕ ತೂತಿನ ಗಾಜಿನ ಬಿಲ್ಲೆಯನ್ನು ಬಿಸಿ ಮಾಡಿ ಬಾಣಲೆಯ ಹಾಗೆ ಬಾಗಿಸಿದರೆ ಎಲ್ಲ ತೂತುಗಳೂ ಒಂದೇ ನಡುವಿನತ್ತ ಮುಖ ಮಾಡುತ್ತವೆ. 2024ರ ಜನವರಿ 9ರಂದು ಚೀನಾದಿಂದ ಹಾರಿದ ಐನ್‌ಸ್ಟೈನ್ ಪ್ರೋಬ್ ಉಪಗ್ರಹದಲ್ಲಿ ಇಂಥ ಕಣ್ಣಿದೆ. ಒಂದೊಂದು ಚೌಕದ ಅಗಲ 40 ಮೈಕ್ರಾನ್. ಇಡೀ ಆಕಾಶದ ಸುಮಾರು ಹನ್ನೆರಡರಲ್ಲೊಂದು ಪಾಲನ್ನು ಅದು ಒಂದೇ ನೋಟಕ್ಕೆ ಹಿಡಿಯುತ್ತದೆ.

ಮನೆಗೆ ಸಿಗಡಿ ತಂದ ದಿನ ಒಂದರ ಕಣ್ಣನ್ನು ಅಮ್ಮನನ್ನು ಕೇಳಿ ಇಸಿದುಕೊಳ್ಳಿ. ಕಣ್ಣಿನ ಮೇಲಿನ ತೆಳು ಸಿಪ್ಪೆಯನ್ನು ಒಂದು ಹನಿ ನೀರಿನಲ್ಲಿ ಹರಡಿ, ಶಾಲೆಯ ಸೂಕ್ಷ್ಮದರ್ಶಕದ ಅಡಿಗಿಟ್ಟು ನಿಧಾನವಾಗಿ ತಿರುಪಿ. ಮೊದಲು ಮಸುಕು, ಆಮೇಲೆ ಗೆರೆಗಳು, ಆಮೇಲೆ ಸಾಲು ಸಾಲು ಚೌಕಗಳು. ಒಂದು ಸಾಲಿನಲ್ಲಿ ಎಷ್ಟಿವೆ, ಎಣಿಸಿ.